ಮರಳು ಇದ್ದ ಜಾಗ: ಪುದುಚೇರಿಯವರು ನನಗೆ ತೋರಿಸಿದ ಪುದುಚೇರಿ

(ಚಿಕ್ಕಬಳ್ಳಾಪುರದಲ್ಲಿ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾವು ಕುಳಿತಿರುವ ಈ ಊರಿಗೆ ಸಮುದ್ರ ಬಹಳ ದೂರ. ಆದರೆ ನಮ್ಮ ನೀರಿಗೆ ಸಮುದ್ರದ ದಾರಿ ಗೊತ್ತು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಎರಡು ಪಿನಾಕಿನಿಗಳಲ್ಲಿ ಉತ್ತರ ಪಿನಾಕಿನಿ ಗೌರಿಬಿದನೂರು, ಹಿಂದೂಪುರಗಳ ಕಡೆಯಿಂದ ಸುತ್ತಿಕೊಂಡು ನೆಲ್ಲೂರಿನ ಆಚೆ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಕೆರೆಯನ್ನು ಮುಟ್ಟಿ, ಹೊಸೂರು, ಕೃಷ್ಣಗಿರಿ, ಸಾತನೂರು, ತಿರುಕ್ಕೋವಿಲೂರುಗಳನ್ನು ದಾಟಿ, ಸುಮಾರು 400 ಕಿಲೋಮೀಟರು ಹರಿದು ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಆ ಕಡಲೂರಿನಿಂದ ಬಡಗಲಿಗೆ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಪುದುಚೇರಿ. ಉದ್ಯೋಗದ ನಿಮಿತ್ತ 1991ರಿಂದ 2009ರವರೆಗೆ ಹದಿನೆಂಟು ವರ್ಷ ನಾನು ಅಲ್ಲಿದ್ದೆ. ಈಗಲೂ ವರ್ಷಕ್ಕೊಮ್ಮೆ ಹೋಗಿ ಹಳೆಯ ನೆರೆಹೊರೆಯವರನ್ನು ಕಂಡು ಬರುತ್ತೇನೆ.

ನಮ್ಮ ಕಡೆಯಿಂದ ಶನಿವಾರ ಹೊರಟು ಸೋಮವಾರ ಬೆಳಗ್ಗೆ ಮರಳುವ ಹುಡುಗರು ಬಹಳ ಮಂದಿ ಇದ್ದಾರೆ. ಹಳದಿ ಗೋಡೆಗಳು, ಗೋಡೆಯ ಮೇಲೆ ಬಾಗಿದ ಕಾಗದದ ಹೂವಿನ ಬಳ್ಳಿ, ಕಪ್ಪು ಬಂಡೆಗಳಿಗೆ ಬಡಿಯುವ ಅಲೆ, ಕೆಂಪು ಟೋಪಿಯ ಪೊಲೀಸರು: ಅವರು ತರುವ ಚಿತ್ರಗಳಲ್ಲಿ ಇವೆಲ್ಲ ಇರುತ್ತವೆ. ಆ ಚಿತ್ರಗಳನ್ನು ಕಂಡರೆ ನನಗೂ ಸಂತೋಷವೇ. ಆದರೆ ಇಂದು ನಾನು ಹೇಳಬೇಕೆಂದಿರುವುದು, ಅದೇ ಜಾಗಗಳನ್ನು ಅಲ್ಲೇ ಹುಟ್ಟಿ ಬೆಳೆದವರು ಹೇಗೆ ಗುರುತಿಸುತ್ತಾರೆ ಎಂಬುದನ್ನು. ಅವರು ನನಗೆ ಊರು ತೋರಿಸುವಾಗ ಕಟ್ಟಡಗಳ ಮಾತಿಗಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಹೇಳುತ್ತಿದ್ದರು: ಮರಳು ಎಲ್ಲಿಯವರೆಗೆ ಇತ್ತು, ಕುಡಿಯುವ ನೀರು ಎಲ್ಲಿಂದ ಬಂತು. ಕೆರೆಗಳ ಸೀಮೆಯಿಂದ ಹೋದ ನನಗೆ ಈ ಎರಡು ಪ್ರಶ್ನೆಗಳೂ ಅಪರಿಚಿತವಾಗಿರಲಿಲ್ಲ. ಹಾಗಾಗಿಯೇ ಆ ಊರು ನನಗೆ ಬೇಗ ಹತ್ತಿರವಾಯಿತು ಎಂದು ತೋರುತ್ತದೆ.

ಕಡಲ ದಂಡೆಯ ರಸ್ತೆಯಿಂದಲೇ ಪ್ರಾರಂಭಿಸುತ್ತೇನೆ. ಅದರ ಅಧಿಕೃತ ಹೆಸರು ಗೂಬೇರ್ ಅವೆನ್ಯೂ. ಊರಿನವರ ಬಾಯಲ್ಲಿ ಅದು ಬೀಚ್ ರೋಡು. ಸಂಜೆಯಾದರೆ ವಾಹನಗಳನ್ನು ನಿಲ್ಲಿಸಿ ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ನಾನಿದ್ದ ಮನೆಯ ಪಕ್ಕದಲ್ಲಿ ಒಬ್ಬ ನಿವೃತ್ತ ಶಿಕ್ಷಕರಿದ್ದರು. ಮೊದಲ ವಾರವೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ರಸ್ತೆಯ ಅಂಚಿನ ಗಿಡ್ಡ ಗೋಡೆಯ ಮೇಲೆ ಕೂರಿಸಿ, ಕೆಳಗಿನ ಬಂಡೆಗಳ ರಾಶಿಯನ್ನು ತೋರಿಸಿದರು. ಈ ಗೋಡೆಯಿಂದ ಅಲೆಯವರೆಗೆ ತಾವು ಹುಡುಗರಾಗಿದ್ದಾಗ ಎರಡು ತಂಡಗಳಾಗಿ ಕಾಲ್ಚೆಂಡು ಆಡುತ್ತಿದ್ದೆವೆಂದೂ, ಚೆಂಡು ನೀರಿಗೆ ಹೋಗುವುದು ಅಪರೂಪವಾಗಿತ್ತೆಂದೂ ಹೇಳಿದರು. ನಾನು ನಂಬಲಾರದೆ ಬಂಡೆಗಳನ್ನೇ ನೋಡಿದೆ. ಗೋಡೆಯ ಬುಡಕ್ಕೇ ನೀರು ಬಂದು ಬಡಿಯುತ್ತಿತ್ತು.

ಆ ಮರಳು ಎಲ್ಲಿಗೆ ಹೋಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪೂರ್ವ ಕರಾವಳಿಯಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ನೈರುತ್ಯ ಮುಂಗಾರಿನ ಕಾಲದಲ್ಲೂ ಅದರ ಹಿಂದುಮುಂದಿನ ತಿಂಗಳುಗಳಲ್ಲೂ ಅಲೆಗಳು ಓರೆಯಾಗಿ ಬಂದು ಬಡಿದು ಮರಳನ್ನು ತೆಂಕಣಿಂದ ಬಡಗಣಕ್ಕೆ ದೂಡುತ್ತವೆ. ಹಿಂಗಾರಿನ ಕೆಲವು ತಿಂಗಳು ಮಾತ್ರ ಅದು ತಿರುಗಿ ತೆಂಕಣಕ್ಕೆ ಸಾಗುತ್ತದೆ. ವರ್ಷದ ಒಟ್ಟು ಲೆಕ್ಕದಲ್ಲಿ ಬಡಗಣ ದಿಕ್ಕಿನ ಪಯಣವೇ ಹೆಚ್ಚು. ಹೀಗೆ ದಂಡೆಯೆಂಬುದು ನಿಂತ ನೆಲದಂತೆ ಕಂಡರೂ ವಾಸ್ತವದಲ್ಲಿ ಅದು ನಿಧಾನವಾಗಿ ಹರಿಯುವ ಮರಳಿನ ಹೊಳೆ. 1980ರ ದಶಕದ ಕೊನೆಯಲ್ಲಿ ಊರಿನ ತೆಂಕಣ ಬದಿಗೆ, ಅರಿಯಾಂಕುಪ್ಪಂ ಹೊಳೆಯ ಬಾಯಿಯಲ್ಲಿ, ಹೊಸ ಬಂದರಿಗಾಗಿ ಕಡಲಿನೊಳಗೆ ಕಲ್ಲಿನ ಏರಿಗಳನ್ನು ಚಾಚಿದರು. ಕೆರೆಯ ಕಾಲುವೆಗೆ ಅಡ್ಡ ಕಟ್ಟಿದರೆ ಏನಾಗುತ್ತದೋ ಅದೇ ಇಲ್ಲೂ ಆಯಿತು. ಏರಿಯ ತೆಂಕಣಕ್ಕೆ ಮರಳು ಗುಡ್ಡೆ ಬಿದ್ದಿತು, ಬಡಗಣದ ಊರಿನ ಮುಂದಿನ ಮರಳನ್ನು ಕಡಲು ಒಯ್ದಿತು, ಒಯ್ದದ್ದನ್ನು ತುಂಬಿಕೊಡಲು ಹಿಂದಿನಿಂದ ಬರಬೇಕಿದ್ದ ಮರಳು ಬರಲಿಲ್ಲ. ಊರನ್ನು ಕಾಪಾಡಲು ಬಂಡೆಗಳನ್ನು ಸುರಿದದ್ದರಿಂದ ರಸ್ತೆ ಉಳಿಯಿತು. ಆದರೆ ಕೊರೆತ ಅಲ್ಲಿಂದ ಮುಂದಕ್ಕೆ, ಬಡಗಣದ ಮೀನುಗಾರರ ಕೇರಿಗಳಿಗೆ ಹೋಯಿತು. ಕುರುಚಿಕುಪ್ಪಂ, ವೈತ್ತಿಕುಪ್ಪಂಗಳಲ್ಲಿ ದೋಣಿ ಎಳೆದು ನಿಲ್ಲಿಸಲು, ಬಲೆ ಹರಡಲು, ಮೀನು ಒಣಗಿಸಲು ಇದ್ದ ಅಂಗಳವೇ ಇಲ್ಲವಾಯಿತು. ನಾನು ಹೋದ ಹೊಸತರಲ್ಲಿ ಬಡಗಣ ತುದಿಯಲ್ಲಿ ಇನ್ನೂ ಅಷ್ಟಿಷ್ಟು ಮರಳು ಇತ್ತು. ಅದು ಹೋದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಪ್ರವಾಸಿಗರು ಬಹಳ ಮೆಚ್ಚುವ ಆ ಕಪ್ಪು ಬಂಡೆಗಳನ್ನು ಕಂಡಾಗ ಅಲ್ಲಿನ ಹಿರಿಯರ ಮುಖ ಏಕೆ ಬಾಡುತ್ತದೆ ಎಂಬುದು ಇದನ್ನು ತಿಳಿದವರಿಗೆ ಅರ್ಥವಾದೀತು.

ಬಂಡೆಗಳಿಂದ ಒಳ್ಳೆಯದೂ ಆಗಿದೆ ಎಂಬುದನ್ನು ನಾನು ಮರೆಮಾಡಬಾರದು. 2004ರ ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಬಂದಾಗ ಊರಿನ ನಡುಭಾಗ ಉಳಿದದ್ದಕ್ಕೆ ಆ ಕಲ್ಲುಗಳೂ ಕಾರಣ. ಕಲ್ಲಿಲ್ಲದ ಮೀನುಗಾರರ ಊರುಗಳು ಸಾವುನೋವು ಕಂಡವು. ಆದರೆ ತೆಂಕಣದ ನಲ್ಲವಾಡು ಎಂಬ ಊರನ್ನು ಒಂದು ಧ್ವನಿವರ್ಧಕ ಉಳಿಸಿತು. ಮೀನಿನ ದರ, ಅಲೆಯ ಎತ್ತರ, ಗಾಳಿಯ ದಿಕ್ಕು ಇವುಗಳನ್ನು ಸಾರಲು ಅಲ್ಲಿ ಅದನ್ನು ಮೊದಲೇ ಕಟ್ಟಿದ್ದರು. ಆ ದಿನ ಸಿಂಗಪುರದಲ್ಲಿದ್ದ ಊರಿನವನೊಬ್ಬ ಸುದ್ದಿ ತಿಳಿದು ದೂರವಾಣಿ ಮಾಡಿದ. ಅದೇ ಧ್ವನಿವರ್ಧಕದಲ್ಲಿ ಸಾರಿದ ಕೂಡಲೇ ಜನ ಮನೆ ಬಿಟ್ಟು ಓಡಿದರು. ಊರಿನ ಗುರುತುಗಳ ಪಟ್ಟಿಯಲ್ಲಿ ಯಾರೂ ಸೇರಿಸದ ಆ ಕಬ್ಬಿಣದ ತುತ್ತೂರಿಯನ್ನು ನಾನು ದೀಪಸ್ತಂಭಕ್ಕೂ ಮೇಲೆ ಇಡುತ್ತೇನೆ.

ದೀಪಸ್ತಂಭದ ಮಾತು ಬಂದಿತು. 1836ರಲ್ಲಿ ಬೆಳಗಲಾರಂಭಿಸಿ 1979ರಲ್ಲಿ ಆರಿದ ಹಳೆಯ ದೀಪಸ್ತಂಭ ರಸ್ತೆಯ ಒಳಬದಿಗೆ ಈಗಲೂ ನಿಂತಿದೆ. ಅದರ ಎದುರಿಗೆ ಇರುವುದು ಗಾಂಧಿ ಪ್ರತಿಮೆ. ಪ್ರತಿಮೆಯ ಸುತ್ತ ಎತ್ತರದ ಎಂಟು ಕಲ್ಲುಕಂಬಗಳಿವೆ. ಅವು ಸೆಂಜಿಯ (ಜಿಂಜಿಯ) ಕೋಟೆಯಿಂದ ಬಂದವೆಂದು ಎಲ್ಲರೂ ಹೇಳುತ್ತಾರೆ. ಕಂಬಗಳ ಮೇಲಿನ ಕೆತ್ತನೆಯನ್ನು ಮೊದಲ ಬಾರಿ ಹತ್ತಿರದಿಂದ ನೋಡಿದಾಗ ನನಗೆ ಭೋಗನಂದೀಶ್ವರನ ಕಲ್ಯಾಣಮಂಟಪದ ಕರಿಗಲ್ಲಿನ ಕಂಬಗಳು ನೆನಪಾದವು. ಅಷ್ಟು ನುಣುಪು ಇವಕ್ಕಿಲ್ಲ. ಉಪ್ಪುಗಾಳಿಗೆ ಮೈ ಒಡ್ಡಿ ನಿಂತ ಈ ಕಂಬಗಳ ಅಂಚುಗಳೆಲ್ಲ ಸವೆದು, ಮುಟ್ಟಿದರೆ ಬೆರಳಿಗೆ ತರಿತರಿಯಾಗಿ ತಾಗುತ್ತವೆ. ಗಾಂಧೀಜಿ ಪುದುಚೇರಿಗೆ ಹೋದದ್ದು 1934ರ ಫೆಬ್ರವರಿಯಲ್ಲಿ, ಅದೂ ಸ್ವಲ್ಪವೇ ಹೊತ್ತು. ನಮ್ಮ ನಂದಿ ಬೆಟ್ಟದಲ್ಲಾದರೋ ಅವರು 1927ರಲ್ಲಿ ವಾರಗಟ್ಟಲೆ ಉಳಿದು ಆರೋಗ್ಯ ಸುಧಾರಿಸಿಕೊಂಡರು, 1936ರಲ್ಲಿ ಮತ್ತೆ ಬಂದರು. ನನ್ನ ನೆರೆಯ ಶಿಕ್ಷಕರಿಗೆ ಈ ಸಂಗತಿಯನ್ನು ಹೇಳಿದ ದಿನ ಅವರು ನನ್ನ ಊರಿನ ಬಗ್ಗೆ ಮೊದಲ ಬಾರಿಗೆ ಕುತೂಹಲದಿಂದ ವಿಚಾರಿಸಿದರು.

ಗಾಂಧಿ ಪ್ರತಿಮೆ ಇರುವ ಜಾಗದಲ್ಲಿ ಮೊದಲು ಬೇರೆಯ ಪ್ರತಿಮೆ ಇತ್ತು. 18ನೆಯ ಶತಮಾನದ ಫ್ರೆಂಚ್ ಗವರ್ನರ್ ಡೂಪ್ಲೆಯ ಪ್ರತಿಮೆಯನ್ನು 1870ರಲ್ಲಿ ಅಲ್ಲಿ ನಿಲ್ಲಿಸಿದ್ದರು. ಈಗ ಅದು ರಸ್ತೆಯ ತೆಂಕಣ ತುದಿಯ ಉದ್ಯಾನದಲ್ಲಿದೆ. ಆ ಚೌಕಕ್ಕೆ ಅಷ್ಟು ಮಹತ್ವ ಬರಲು ಕಾರಣವಾದದ್ದು ಅದರ ಎದುರಿಗಿದ್ದ ಧಕ್ಕೆ. ಪುದುಚೇರಿಗೆ ಸಹಜವಾದ ಬಂದರು ಎಂದೂ ಇರಲಿಲ್ಲ. ಹಡಗುಗಳು ಆಳದ ನೀರಿನಲ್ಲೇ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ಹುರಿಯಿಂದ ಹೊಲಿದು ಮಾಡಿದ ದೋಣಿಗಳಲ್ಲಿ ಜನರೂ ಸರಕೂ ಅಲೆಗಳನ್ನು ಹಾಯ್ದು ದಂಡೆಗೆ ಬರಬೇಕಿತ್ತು. 1866ರಲ್ಲಿ ಕಡಲಿನೊಳಕ್ಕೆ ಚಾಚಿದ ಕಬ್ಬಿಣದ ಧಕ್ಕೆ ಬಂದ ಮೇಲೆ ಆ ಕಷ್ಟ ತಗ್ಗಿತು. 1952ರ ಚಂಡಮಾರುತ ಅದನ್ನು ಮುರಿದು ಹಾಕಿತು. ಶಿಕ್ಷಕರ ತಂದೆಯವರು ಆ ಧಕ್ಕೆಯ ಮೇಲೆ ಸಂಜೆಯ ಗಾಳಿ ಸೇವನೆಗೆ ಹೋಗುತ್ತಿದ್ದರಂತೆ.

ಈಗ ಅದರ ಕೆಲವು ಕಂಬಗಳು ಮಾತ್ರ ನೀರಿನಿಂದ ತಲೆ ಎತ್ತಿವೆ. ನೀರು ಇಳಿದ ಬೆಳಗಿನ ಹೊತ್ತು ಹೋದರೆ ಚೆನ್ನಾಗಿ ಕಾಣುತ್ತವೆ. ತುದಿಯಲ್ಲಿ ತುಕ್ಕಿನ ಕಂದು, ನಡುವೆ ಬಿಳಿಯ ಚಿಪ್ಪುಗಳ ಪದರ, ಬುಡದಲ್ಲಿ ಹಸಿರು ಪಾಚಿ. ಅಲೆ ಬಂದು ಹಿಂದೆ ಸರಿದಾಗಲೆಲ್ಲ ಚಿಪ್ಪುಗಳ ಸಂದಿನಿಂದ ನೀರು ಸಣ್ಣ ಎಳೆಗಳಾಗಿ ಇಳಿಯುತ್ತದೆ. ಬೆಳಗ್ಗೆ ವಾಕಿಂಗಿಗೆ ಬರುವ ಮುದುಕರು ಅವನ್ನು ಎಣಿಸುತ್ತಾರೆ ಎಂದರೆ ನೀವು ನಂಬಬೇಕು. ಒಂದು ದೊಡ್ಡ ಮಳೆಗಾಲ ಕಳೆದ ಮೇಲೆ ಒಂದು ಕಡಿಮೆಯಾಗಿದೆ ಎಂದು ಇಬ್ಬರು ನನ್ನೆದುರಿಗೇ ವಾದಿಸಿದ್ದರು. ಹಳೆಯ ಧಕ್ಕೆಯ ಬದಲಿಗೆ ತೆಂಕಣದಲ್ಲಿ ಕಟ್ಟಿದ ಕಾಂಕ್ರೀಟಿನ ಧಕ್ಕೆಯೂ 2022ರ ಮಾರ್ಚಿನಲ್ಲಿ ಕಡಲಬ್ಬರಕ್ಕೆ ಒಂದು ಭಾಗ ಕುಸಿಯಿತು. ಆ ವಾರ ಅಲ್ಲಿಂದ ನನಗೆ ಬಂದ ದೂರವಾಣಿ ಕರೆಗಳಲ್ಲಿ ಎಲ್ಲರೂ ಮೊದಲು ಹೇಳಿದ್ದು ಅದನ್ನೇ, ಮನೆಯ ವಿಷಯವೆಲ್ಲ ಆಮೇಲೆ.

ಹಳದಿ ಬಣ್ಣದ ಬಿಳಿ ಪಟ್ಟಣದ, ಎಂದರೆ ಹಿಂದೆ ಫ್ರೆಂಚರು ವಾಸಿಸುತ್ತಿದ್ದ ಕಡಲ ಬದಿಯ ಭಾಗದ, ಬಗ್ಗೆ ನಾನು ಹೆಚ್ಚು ಹೇಳಲಾರೆ, ಅದರ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಒಂದನ್ನು ಮಾತ್ರ ತಿಳಿಸಬೇಕು. 1761ರಲ್ಲಿ ಇಂಗ್ಲಿಷರು ಊರನ್ನು ಗೆದ್ದು ನೆಲಸಮ ಮಾಡಿದ್ದರಿಂದ ಅಲ್ಲಿ ಕಾಣುವುದೆಲ್ಲ ಆಮೇಲೆ ಕಟ್ಟಿದ್ದು. ಅದಕ್ಕೂ ಹಿಂದಿನ ಊರು ಹೇಗಿತ್ತೆಂಬುದು ದುಭಾಷಿ ಆನಂದ ರಂಗ ಪಿಳ್ಳೈ ಅವರು 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದಿಟ್ಟ ದಿನಚರಿಯಲ್ಲಿ ಉಳಿದಿದೆ. ಮಿಷನ್ ಬೀದಿಯಲ್ಲಿರುವ, ಊರವರು ಸಂಬಾ ಕೋವಿಲ್ ಎನ್ನುವ ಚರ್ಚಿನ ಮುಖದ ಮೇಲೆ 1791 ಎಂದು ಬರೆದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಮ್ಮ ನಂದಿದುರ್ಗವನ್ನು ಹಿಡಿದದ್ದು. ಆ ಅಂಕಿಯನ್ನು ಕಂಡಾಗಲೆಲ್ಲ ನನಗೆ ಬೆಟ್ಟದ ಒಡೆದ ಗೋಡೆ ಕಣ್ಣಮುಂದೆ ಬರುತ್ತಿತ್ತು.

ಮಣಕುಳ ವಿನಾಯಕನ ಗುಡಿಯ ವಿಷಯದಲ್ಲಿ ಅಷ್ಟು ಬೇಗ ಮುಂದೆ ಹೋಗಲಾರೆ, ಏಕೆಂದರೆ ಮರಳೂ ನೀರೂ ಎರಡೂ ಅದರ ಹೆಸರಿನಲ್ಲೇ ಇವೆ. ಮಣಲ್ ಎಂದರೆ ಮರಳು, ಕುಳಂ ಎಂದರೆ ಕೊಳ. ಮರಳಿನ ನಡುವೆ ಸಿಹಿನೀರಿನ ಕೊಳವಿದ್ದ ಜಾಗದ ವಿನಾಯಕ ಅವನು. ಕೊಳ ಈಗ ಕಾಣುವುದಿಲ್ಲ, ಹೆಸರು ಉಳಿದಿದೆ. ಅಲ್ಲಿ ಲಕ್ಷ್ಮಿ ಎಂಬ ಆನೆ ಇತ್ತು. ಗುಡಿಯ ಎದುರು ನಿಂತು ಸೊಂಡಿಲಿನಿಂದ ಮಕ್ಕಳ ತಲೆ ಮುಟ್ಟುತ್ತಿದ್ದ ಅದರ ಕಾಲಿನಲ್ಲಿ ಬೆಳ್ಳಿಯ ಗೆಜ್ಜೆ ಇತ್ತು. ಬೀದಿಯ ತಿರುವಿನಲ್ಲಿಯೇ ಅದರ ಸದ್ದು ಕೇಳಿ ನನ್ನ ಮಗಳು ಓಡುತ್ತಿದ್ದಳು. 2022ರ ನವೆಂಬರ್ 30ರಂದು ಬೆಳಗಿನ ನಡಿಗೆಗೆ ಹೊರಟಿದ್ದ ಆ ಆನೆ ಬೀದಿಯಲ್ಲೇ ಕುಸಿದು ಪ್ರಾಣ ಬಿಟ್ಟಿತು. ಸಾವಿರಾರು ಜನ ಸೇರಿ ಬಂಧುವನ್ನು ಕಳುಹಿಸಿಕೊಡುವಂತೆ ಅದನ್ನು ಕಳುಹಿಸಿಕೊಟ್ಟರು. ಬೆಂಗಳೂರಿನಲ್ಲಿರುವ ನನ್ನ ಮಗಳು ಆ ದಿನ ಊಟ ಮಾಡಲಿಲ್ಲ.

ನೀರಿನ ಕಥೆಗೆ ಬರುತ್ತೇನೆ. ಗವರ್ನರ ಮನೆಯ ಎದುರಿನ ಭಾರತಿ ಉದ್ಯಾನದ ನಡುವೆ ಬಿಳಿಯ ಕಮಾನುಗಳ ಒಂದು ಮಂಟಪವಿದೆ, ಹೆಸರು ಆಯಿ ಮಂಟಪ. ಪುದುಚೇರಿ ಸರ್ಕಾರದ ಲಾಂಛನದಲ್ಲಿರುವುದೂ ಅದೇ. ನೋಡಿದವರು ಯಾವುದೋ ಯುರೋಪಿನ ವಿಜಯಸ್ಮಾರಕವೆಂದು ತಿಳಿಯುತ್ತಾರೆ. ಅದಕ್ಕೆ ಸಂಬಂಧಿಸಿದ ಐತಿಹ್ಯ ನಮ್ಮ ಕನ್ನಡದ ದೊರೆಯನ್ನೇ ತಂದು ನಿಲ್ಲಿಸುತ್ತದೆ. ಕೃಷ್ಣದೇವರಾಯ ಆ ಸೀಮೆಯಲ್ಲಿ ಸಂಜೆ ಹಾದು ಹೋಗುತ್ತಿದ್ದಾಗ ದೀಪಗಳಿಂದ ಬೆಳಗುತ್ತಿದ್ದ ಒಂದು ಕಟ್ಟಡವನ್ನು ಗುಡಿಯೆಂದು ಬಗೆದು ಕೈಮುಗಿದನಂತೆ. ಅದು ಆಯಿ ಎಂಬ ದೇವದಾಸಿಯ ಮನೆಯೆಂದು ತಿಳಿದಾಗ ಸಿಟ್ಟಿಗೆದ್ದು ಅದನ್ನು ಕೆಡವಲು ಆಜ್ಞೆ ಮಾಡಿದನಂತೆ. ತನ್ನ ಮನೆಯನ್ನು ತಾನೇ ಕೆಡವುತ್ತೇನೆಂದು ಬೇಡಿಕೊಂಡ ಆಯಿ, ಹಾಗೆಯೇ ಮಾಡಿ ಆ ಜಾಗದಲ್ಲಿ ಜನರಿಗಾಗಿ ಕೆರೆ ತೋಡಿಸಿದಳು. ಊರಿನಿಂದ ಕೆಲವು ಕಿಲೋಮೀಟರು ಒಳಕ್ಕಿರುವ ಮುತ್ತಿರಪಾಳೆಯಂ ಆ ಸ್ಥಳ. ಮೂರು ಶತಮಾನ ಕಳೆದ ಮೇಲೆ, 1860ರ ದಶಕದಲ್ಲಿ, ಕಡಲ ದಂಡೆಯ ಬಿಳಿ ಪಟ್ಟಣದಲ್ಲಿ ಒಳ್ಳೆಯ ಕುಡಿಯುವ ನೀರಿಲ್ಲದೆ ಕಷ್ಟಪಡುತ್ತಿದ್ದ ಫ್ರೆಂಚರು ಅಲ್ಲಿಂದ ನೀರು ತಂದರು. ಆ ಕಥೆಯನ್ನು ಕೇಳಿದ ಮೂರನೆಯ ನೆಪೋಲಿಯನ್ ದೊರೆ ಆಯಿಯ ಹೆಸರಿನಲ್ಲಿ ಸ್ಮಾರಕ ಕಟ್ಟಲು ಹೇಳಿದನೆಂಬುದು ಊರಿನ ನಂಬಿಕೆ.

ಸೂಳೆಕೆರೆಯನ್ನು ಕಟ್ಟಿಸಿದ ಶಾಂತವ್ವನ ಕಥೆ ಕೇಳಿ ಬೆಳೆದ ನಮಗೆ ಈ ಹೆಂಗಸು ಪರಕೀಯಳಲ್ಲ. ಆದರೆ ನಮ್ಮಲ್ಲಿ ಅಂಥ ಹೆಂಗಸರ ಕೆರೆಗಳಿಗೆ ಬೇರೆ ಹೆಸರಿಟ್ಟು ಮರೆಸುವ ಪ್ರಯತ್ನಗಳಾಗಿವೆ. ಅಲ್ಲಿ ಆಯಿಯ ಹೆಸರಿನ ಮಂಟಪವೇ ಸರ್ಕಾರದ ಮುದ್ರೆಯಾಗಿದೆ. ಇದನ್ನು ನಾನು ಆ ಊರಿನ ದೊಡ್ಡತನವೆಂದೇ ಭಾವಿಸಿದ್ದೇನೆ. ಕಡಲಿಗೆ ಹತ್ತಿರದ ಬೀದಿಗಳಲ್ಲಿ ಕೊಳವೆಬಾವಿಯ ನೀರು ಉಪ್ಪಾಗುತ್ತಾ ಬಂದ ವರ್ಷಗಳಲ್ಲಿ ನನ್ನ ಮನೆಯೊಡತಿ ನಲ್ಲಿಯ ಸಿಹಿನೀರನ್ನು ಹಿತ್ತಾಳೆಯ ಕೊಡಕ್ಕೆ ಹಿಡಿಯುವಾಗ ಅದನ್ನು ಮುತ್ತಿರಪಾಳೆಯದ ನೀರೆಂದೇ ಕರೆಯುತ್ತಿದ್ದರು. ಮೊದಲ ಲೋಟವನ್ನು ತುಳಸಿಗೆ ಹಾಕದೆ ಅವರು ಕುಡಿದದ್ದನ್ನು ನಾನು ಕಾಣೆ.

ಯುದ್ಧಸ್ಮಾರಕದ ಬಗ್ಗೆ ಎರಡು ಮಾತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಮಡಿದವರಿಗಾಗಿ ಕಟ್ಟಿದ ಅದು ವರ್ಷವಿಡೀ ಬೇಲಿಯೊಳಗೆ ಸುಮ್ಮನಿರುತ್ತದೆ. ಜುಲೈ 14 ಬಂದಾಗ ದೀಪಗಳು ಬೆಳಗುತ್ತವೆ, ಫ್ರೆಂಚ್ ಸೈನ್ಯದಲ್ಲಿ ದುಡಿದು ಬಂದ ತಮಿಳು ಮುದುಕರು ಪದಕಗಳನ್ನು ಧರಿಸಿ ಸೇರುತ್ತಾರೆ. ಊರಿನಲ್ಲಿ ಅವರಿಗೆ ಸೊಲ್ದಾ ಎಂಬ ಹೆಸರು. ನಾನಿದ್ದ ಕಾಲದಲ್ಲೇ ಅವರ ಸಾಲು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ ಬಂದಿತು. ಅಲ್ಲೇ ಸಮೀಪದಲ್ಲಿ ಮೇರಿ ಎಂದು ಎಲ್ಲರೂ ಕರೆಯುವ ಪುರಭವನವಿತ್ತು, 1870ರ ಸುಮಾರಿನದು. ಬಹಳ ಕಾಲದಿಂದ ಸೋರುತ್ತಿದ್ದ ಆ ಕಟ್ಟಡ 2014ರ ನವೆಂಬರ್ 29ರಂದು ಮಳೆಗೆ ಕುಸಿದು ಬಿದ್ದಿತು. 2021ರಲ್ಲಿ ಹಳೆಯ ರೂಪದಲ್ಲೇ ಹೊಸದಾಗಿ ಎದ್ದಿತು. ಶಿಕ್ಷಕರ ಮದುವೆ ದಾಖಲಾದದ್ದು ಹಳೆಯ ಕಟ್ಟಡದಲ್ಲಿ. ಹೊಸದನ್ನು ಕಂಡು ಅವರು ಕಂಬಗಳೂ ಕಿಟಕಿಗಳೂ ಸರಿಯಾಗಿವೆಯೆಂದರು. ಆದರೆ ಮರದ ಮೆಟ್ಟಿಲು ಕಿರುಗುಟ್ಟುತ್ತಿದ್ದ ಸದ್ದಿಲ್ಲವೆಂದರು. ಹಳೆಯದನ್ನು ಕಾಲಕಾಲಕ್ಕೆ ರಿಪೇರಿ ಮಾಡಿದ್ದರೆ ಬಿದ್ದ ಮೇಲೆ ಕಟ್ಟುವ ಕೆಲಸವೇ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಎಷ್ಟೋ ಕಲ್ಯಾಣಿಗಳ ವಿಷಯದಲ್ಲೂ ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ.

ಮರಳು ಮರಳಿ ಬಂದ ಸುದ್ದಿಯನ್ನೂ ಹೇಳಬೇಕು. 2018ರ ಸುಮಾರಿಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಎಂಜಿನಿಯರುಗಳು ಬೀಚ್ ರೋಡಿನ ಬಡಗಣ ಭಾಗದಲ್ಲಿ ನೀರಿನ ಅಡಿಗೆ ಉಕ್ಕಿನ ದೊಡ್ಡ ದಿಬ್ಬವೊಂದನ್ನು ಮುಳುಗಿಸಿ ಕೂರಿಸಿದರು. ಅಲೆಯ ಬಿರುಸನ್ನು ಅದು ದಂಡೆಗೆ ಬರುವ ಮೊದಲೇ ಮುರಿಯುವುದರಿಂದ ಅದರ ಹಿಂದೆ ಮರಳು ನಿಲ್ಲಲಾರಂಭಿಸಿತು. ಮುಂದಿನ ಬಾರಿ ನಾನು ಹೋದಾಗ ಶಿಕ್ಷಕರು ಮೊಮ್ಮಗನ ಕೈಹಿಡಿದು, ಚಪ್ಪಲಿ ಬಿಟ್ಟು, ಆ ಮರಳಿಗೆ ಇಳಿದರು. ಎಂಬತ್ತರ ಹತ್ತಿರದ ಮನುಷ್ಯ ಬಗ್ಗಿ ಒಂದು ಹಿಡಿ ಮರಳೆತ್ತಿ, ಬೆರಳ ಸಂದಿನಿಂದ ಬಿಟ್ಟು, ಇದು ಹಳೆಯ ಮರಳಿಗಿಂತ ದಪ್ಪ ಎಂದರು. ಆದರೂ ಅವರು ಅಲ್ಲಿಂದ ಕತ್ತಲಾಗುವವರೆಗೆ ಏಳಲಿಲ್ಲ.

ತಮಿಳರ ಮಾಸಿ ತಿಂಗಳ ಮಖಾ ನಕ್ಷತ್ರದ ದಿನ, ನಮ್ಮ ನಂದಿಯಲ್ಲಿ ಶಿವರಾತ್ರಿಯ ತೇರು ಎಳೆಯುವ ಆಸುಪಾಸಿನಲ್ಲೇ, ವೈತ್ತಿಕುಪ್ಪಂನ ದಂಡೆಗೆ ಮೈಲಂನ ಮುರುಗನೂ ಸುತ್ತಲಿನ ಹತ್ತಾರು ಊರಿನ ದೇವರುಗಳೂ ತೀರ್ಥಸ್ನಾನಕ್ಕೆ ಬರುತ್ತಾರೆ. ದಂಡೆ ಕಿರಿದಾದಂತೆ ದೇವರುಗಳಿಗೂ ನಿಲ್ಲಲು ಇಕ್ಕಟ್ಟಾಯಿತು. ಆದರೂ ಯಾವ ಊರಿನವರೂ ಬರುವುದನ್ನು ಬಿಡಲಿಲ್ಲ.

ನಾನು ಪ್ರಾರಂಭದಲ್ಲಿ ಹೇಳಿದ ಹೊಳೆಗೆ ಮರಳುತ್ತೇನೆ. ದಕ್ಷಿಣ ಪಿನಾಕಿನಿಯನ್ನು ಆ ಕಡೆ ತೆನ್‌ಪೆಣ್ಣೈ ಎನ್ನುತ್ತಾರೆ, ಪೊನ್ನೈಯಾರು ಎಂದೂ ಕರೆಯುತ್ತಾರೆ. ಪೊನ್ನು ಎಂದರೆ ನಮ್ಮ ಹೊನ್ನೇ. ಪುದುಚೇರಿಯ ತೆಂಕಣಕ್ಕೆ ಬಾಹೂರು ಎಂಬ ಊರಿದೆ, ಅದರ ದೊಡ್ಡ ಕೆರೆಗೆ ಈ ಹೊಳೆಯ ನೀರು ಸೊರ್ಣಾವೂರಿನ ಅಣೆಕಟ್ಟಿನಿಂದ ಬರುತ್ತದೆ. ನೀರು ತರುವ ಕಾಲುವೆಯ ಹೆಸರು ಬಂಗಾರು ವಾಯ್ಕಾಲ್. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿ, ಒಂದೇ ದಿನದಲ್ಲಿ ಅಲ್ಲಿ 46 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕಿಂತ ಅದು ಹೆಚ್ಚು. ಅದರ ಬೆನ್ನಿಗೇ ಸಾತನೂರು ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಪೊನ್ನೈಯಾರು ದಡ ಮೀರಿ, ಕಡಲೂರಿನ ಬಡಾವಣೆಗಳನ್ನೂ ಬಾಹೂರಿನ ಗದ್ದೆಗಳನ್ನೂ ಮುಳುಗಿಸಿತು.

ಅದಾದ ಮುಂದಿನ ಜನವರಿಯಲ್ಲಿ ನಾನು ಹೋಗಿದ್ದೆ. ಪೊಂಗಲ್ಲಿನ ಐದನೆಯ ದಿನ ಹೊಳೆಯ ಮರಳಿನಲ್ಲಿ ನಡೆಯುವ ಆಟ್ರು ತಿರುವಿಳಾಕ್ಕೆ, ಎಂದರೆ ಹೊಳೆಯ ಜಾತ್ರೆಗೆ, ಬಾಹೂರಿನ ಒಬ್ಬ ರೈತರು ಕರೆದುಕೊಂಡು ಹೋದರು. ನೆರೆ ತಂದು ಹಾಕಿದ ಹೊಸ ಮರಳು ಇನ್ನೂ ಹಸಿಯಾಗಿತ್ತು. ಅದರ ಮೇಲೆಯೇ ಬಳೆ ಅಂಗಡಿಗಳು, ಕಬ್ಬಿನ ರಾಶಿ, ಗೆಣಸಿನ ಗುಡ್ಡೆ, ಸುತ್ತಣ ಹಳ್ಳಿಗಳಿಂದ ಸ್ನಾನಕ್ಕೆ ಬಂದ ದೇವರುಗಳ ಸಾಲು. ಈ ಹೊಳೆ ಹುಟ್ಟುವುದು ನಮ್ಮ ಊರಿನ ಬಳಿ ಎಂದು ನಾನು ಹೇಳಿದೆ. ಅವರು ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಅದನ್ನು ತಿಳಿಸಿದರು, ಆಕೆ ಇನ್ನೊಬ್ಬರಿಗೆ ತಿಳಿಸಿದರು. ಅಲ್ಲಿ ಮಳೆ ಹೇಗೆ, ಕೆರೆ ತುಂಬಿದೆಯೇ ಎಂದು ಮೂರು ನಾಲ್ಕು ಜನ ಸುತ್ತುವರಿದು ಕೇಳಿದರು. ಕಂದವಾರದ ಕೆರೆ, ಜಕ್ಕಲಮಡಗು, ನಮ್ಮ ಒಣಗಿದ ತೊರೆಗಳು, ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಗಮನವಿಟ್ಟು ಕೇಳಿ, ಎಲೆಯಲ್ಲಿ ಕಟ್ಟಿದ ಗೆಣಸನ್ನು ನನ್ನ ಚೀಲಕ್ಕೆ ಹಾಕಿ, ಊರಿಗೆ ಒಯ್ಯಿರಿ ಎಂದರು.